ಹಲ್ಲು ನೋಡಿ ಕೊಳ್ಳಬೇಕಾದ ಕುದುರೆ

ನ್ಯೂಜೆರ್ಸಿಯಲ್ಲಿ ನೆಲೆಸಿರುವ ನಮ್ಮ ಓದುಗ ದಂಪತಿಗಳಿಂದ ಈಚೆಗೆ ಒಂದು ಪತ್ರ ಬಂದಿತು. ಯಜಮಾನರು ನೌಕರಿಯಿಂದ ನಿವೃತ್ತರು. 1970ರ ದಶಕದಲ್ಲಿ ಎಂಜಿನಿಯರರಾಗಿ ಅಮೆರಿಕಕ್ಕೆ ಹೋದ ಹೊಸದರಲ್ಲಿ ಸಹೋದ್ಯೋಗಿಯೊಬ್ಬರು ಅವರನ್ನು ತಮ್ಮ ಫೋರ್ಡ್ ಮಸ್ಟಾಂಗ್ ಕಾರಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದರಂತೆ. ಅಂದು ಮನದಲ್ಲಿ ಕುಳಿತ ಆಸೆ ಇಂದಿಗೂ ಎದ್ದು ಹೋಗಿಲ್ಲ. ಈಗ 1965ರ ಎರಡು ಗಾಡಿಗಳು ಅವರ ಕಣ್ಣಿಗೆ ಬಿದ್ದಿವೆ. ಒಂದು, 'ಜಿ.ಟಿ.' ಎಂಬ ಬಿರುದು ಹೊತ್ತ ಕೆಂಪು ಬಣ್ಣದ ಫಾಸ್ಟ್‌ಬ್ಯಾಕ್. ಇನ್ನೊಂದು, ಬಣ್ಣ ಮಾಸಿದ ಆರು ಸಿಲಿಂಡರಿನ ಸಾದಾ ಹಾರ್ಡ್‌ಟಾಪ್. ಮೊದಲನೆಯದರ ಬೆಲೆ ಎರಡನೆಯದರ ಎರಡು ಪಟ್ಟಿಗೂ ಮಿಗಿಲು. ಪತ್ರದ ಕೊನೆಗೆ ಮನೆಯಾಕೆ ತಮ್ಮ ಕೈಯಿಂದ ಒಂದು ಸಾಲು ಸೇರಿಸಿದ್ದಾರೆ: ಇದು ಮೊಮ್ಮಕ್ಕಳ ಓದಿಗೆಂದು ತೆಗೆದಿಟ್ಟ ಗಂಟಿನಿಂದ ಹೋಗುವ ಹಣ, ನೀವಾದರೂ ವಿಚಾರ ಮಾಡಿ ಹೇಳಿರಿ.

ನಮ್ಮ ಕಡೆಯ ದನದ ಜಾತ್ರೆಗಳಲ್ಲಿ ಎತ್ತಿನ ಕೊಂಬಿಗೆ ಕಟ್ಟಿದ ಕುಚ್ಚು ನೋಡಿ ಯಾವ ರೈತನೂ ವ್ಯಾಪಾರ ಮುಗಿಸುವುದಿಲ್ಲ. ಬಾಯಿ ತೆರೆಸಿ ಹಲ್ಲು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಮಸ್ಟಾಂಗ್ ಎಂದರೆ ಅಮೆರಿಕದ ಬಯಲುಗಳ ಕಾಡುಕುದುರೆ. ಅದಕ್ಕೂ ಹಲ್ಲುಗಳಿವೆ.

ಈ ಕಾರು 1964ರ ಏಪ್ರಿಲ್ 17ರಂದು ನ್ಯೂಯಾರ್ಕಿನ ವಿಶ್ವ ಮೇಳದಲ್ಲಿ ಜನರ ಮುಂದೆ ಬಂದಿತು. ಹಾರ್ಡ್‌ಟಾಪಿನ ಆರಂಭದ ಬೆಲೆ 2,368 ಡಾಲರು. ಸಾಮಾನ್ಯ ಸಂಬಳದಾರನ ಕೈಗೆಟಕುವ ಗಾಡಿಯೆಂದೇ ಅದನ್ನು ಮಾಡಿದ್ದರು. ಇಂದು ಅದನ್ನು ಅರಸೊತ್ತಿಗೆಯ ವಸ್ತುವಿನಂತೆ ಮಾರುವುದನ್ನು ಕಂಡರೆ ನಗು ಬರುತ್ತದೆ. ಮೊದಲು ಬಂದವು ಹಾರ್ಡ್‌ಟಾಪ್ ಮತ್ತು ಮಡಿಸುವ ಮಾಡಿನ ಕನ್ವರ್ಟಿಬಲ್. ಹಿಂಭಾಗಕ್ಕೆ ಇಳಿಜಾರಾಗಿ ಸಾಗುವ ಮಾಡಿನ ಫಾಸ್ಟ್‌ಬ್ಯಾಕ್ ಆ ವರ್ಷದ ಶರತ್ಕಾಲದಲ್ಲಿ ಬಂದಿತು. ಅದಕ್ಕಿಂತ ಮುಂಚಿನ ಗಾಡಿಗಳನ್ನು ಜನ '1964½' ಎನ್ನುತ್ತಾರಾದರೂ ಕಂಪನಿಯ ಲೆಕ್ಕದಲ್ಲಿ ಅವೂ 1965ರವೇ. ಅವುಗಳಲ್ಲಿ ಆಲ್ಟರ್ನೇಟರಿನ ಬದಲು ಜನರೇಟರು ಇರುತ್ತದೆ.

ಹಲ್ಲು ಎಂದೆವಲ್ಲ, ಅದು ಗಾಡಿಯ ಸಂಖ್ಯೆ. ಬಾನೆಟ್ಟು ಎತ್ತಿದರೆ ಚಾಲಕನ ಬದಿಯ ಒಳತಗಡಿನ ಮೇಲೆ ಅದನ್ನು ಒತ್ತಿರುತ್ತಾರೆ. ಬಾಗಿಲಿನ ಮೇಲಿನ ಫಲಕವನ್ನು ಮಾತ್ರ ನಂಬಬಾರದು; ಅಂಥ ಫಲಕಗಳನ್ನು ಹೊಸದಾಗಿ ಮಾಡಿಸಿಕೊಳ್ಳಲು ಬರುತ್ತದೆ. ಮೊದಲ ಅಂಕಿ 5 ಇದ್ದರೆ 1965. ಎರಡನೆಯ ಅಕ್ಷರ ಕಾರ್ಖಾನೆಯದು: 'ಎಫ್' ಡಿಯರ್‌ಬಾರ್ನ್, 'ಆರ್' ಸ್ಯಾನ್ ಹೋಸೆ, 'ಟಿ' ನ್ಯೂಜೆರ್ಸಿಯ ಮೆಟುಚೆನ್. ಮುಂದಿನ ಎರಡು ಅಂಕಿಗಳಲ್ಲಿ 07 ಹಾರ್ಡ್‌ಟಾಪ್, 08 ಕನ್ವರ್ಟಿಬಲ್, 09 ಫಾಸ್ಟ್‌ಬ್ಯಾಕ್. ಐದನೆಯ ಅಕ್ಷರವೇ ಮುಖ್ಯ. 'ಟಿ' ಎಂದರೆ 120 ಅಶ್ವಶಕ್ತಿಯ ಆರು ಸಿಲಿಂಡರಿನ ಎಂಜಿನ್ನು; 'ಸಿ', 'ಎ', 'ಕೆ' ಎಂದರೆ ಕ್ರಮವಾಗಿ 200, 225, 271 ಅಶ್ವಶಕ್ತಿಯ ಎಂಟು ಸಿಲಿಂಡರಿನವು.

ಜಿ.ಟಿ. ಎಂಬ ಅಲಂಕಾರವನ್ನು 1965ರ ಏಪ್ರಿಲಿನಿಂದ ಕಾರ್ಖಾನೆಯಲ್ಲಿ 'ಎ' ಅಥವಾ 'ಕೆ' ಎಂಜಿನ್ನಿನ ಗಾಡಿಗೆ ಮಾತ್ರ ಕೊಡುತ್ತಿದ್ದರು. ನಮ್ಮ ಓದುಗರು ಬರೆದು ಕಳಿಸಿದ ಕೆಂಪು ಗಾಡಿಯ ಸಂಖ್ಯೆಯಲ್ಲಿ ಐದನೆಯ ಅಕ್ಷರ 'ಸಿ'! ಅದರ ಮಂಜುದೀಪ, ಪಟ್ಟೆ, ಬಿಲ್ಲೆಗಳನ್ನೆಲ್ಲ ಆಮೇಲೆ ಯಾರೋ ತೊಡಿಸಿದ್ದಾರೆ. ತೊಡಿಸಿದ್ದು ತಪ್ಪಲ್ಲ, ಹುಟ್ಟಿನಿಂದಲೇ ಇತ್ತೆಂದು ಹೇಳಿ ಹಣ ಕೇಳುವುದು ತಪ್ಪು. ಅಂತರಂಗ-ಬಹಿರಂಗಗಳು ಒಂದಾಗಿರಬೇಕೆಂದು ಶರಣರು ಮನುಷ್ಯರಿಗೆ ಹೇಳಿದರು. ಗಾಡಿಗೂ ಅದು ಸಲ್ಲುತ್ತದೆಂದರೆ ತಪ್ಪಾಗಲಾರದು. 'ಎ' ಇದ್ದ ಮಾತ್ರಕ್ಕೆ ಜಿ.ಟಿ. ಎಂದೂ ಅಲ್ಲ, ಸಂಖ್ಯೆಯಲ್ಲಿ ಅದಕ್ಕೆ ಬೇರೆ ಗುರುತಿಲ್ಲ.

ಇನ್ನು ಹಾರ್ಡ್‌ಟಾಪಿನ ಮಾತು. ಆರು ಸಿಲಿಂಡರಿನ ಗಾಡಿಯ ಚಕ್ರಕ್ಕೆ ನಾಲ್ಕು ನಟ್ಟುಗಳು, ಎಂಟರದಕ್ಕೆ ಐದು. ನಾಲ್ಕು ನಟ್ಟಿನ ಗಾಡಿಯಲ್ಲಿ ಎಂಟು ಸಿಲಿಂಡರಿನ ಎಂಜಿನ್ನು ಕಂಡರೆ, ಎಂಜಿನ್ನು ಬದಲಾಗಿದೆ, ಬ್ರೇಕು ಮೊದಲಾದವು ಹಾಗೆಯೇ ಉಳಿದಿವೆ ಎಂದರ್ಥ, ಅಂಥದನ್ನು ಕೊಳ್ಳಲೇಬಾರದು. ಈ ಹಾರ್ಡ್‌ಟಾಪಿನಲ್ಲಿ ಹಾಗಿಲ್ಲ, ಸಂಖ್ಯೆಗೂ ಎಂಜಿನ್ನಿಗೂ ಹೊಂದಿಕೆಯಿದೆ. ಅದು ಮೆಟುಚೆನ್‌ದು, ಅವರ ಮನೆಯ ಮಗ್ಗುಲಲ್ಲೇ ಹುಟ್ಟಿದ್ದು. ಎಡಿಸನ್ ಪಟ್ಟಣದ ಆ ಕಾರ್ಖಾನೆ 2004ರಲ್ಲಿ ಮುಚ್ಚಿತು.

ಎಲ್ಲಕ್ಕೂ ಮಿಗಿಲಾದ ಶತ್ರು ತುಕ್ಕು. ಈ ಗಾಡಿಗೆ ಬೇರೆ ಚಾಸಿಯಿಲ್ಲ, ಒಡಲೇ ಚಾಸಿ. ನೆಲ ಕೊಳೆತರೆ ಗಾಡಿಯೇ ಕೊಳೆತಂತೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಚೆಲ್ಲುವ ಆ ಸೀಮೆಯಲ್ಲಿ ಹೇಳುವುದೇ ಬೇಡ. ಮುಂಗಾಜಿನ ಬುಡದಲ್ಲಿ ಗಾಳಿಗೆಂದು ಜಾಲರಿಯಿದೆ. ಅದರ ಒಳಗಿನ ತಗಡು ತೂತಾದರೆ ಮಳೆಯ ನೀರು ಕಾಲ ಬುಡಕ್ಕೆ ಇಳಿಯುತ್ತದೆ, ಮೇಲಿನಿಂದ ಏನೂ ಕಾಣುವುದಿಲ್ಲ. ನೆಲದ ಹಾಸು ಎತ್ತಿ, ಜಾಲರಿಗೆ ಒಂದು ತಂಬಿಗೆ ನೀರು ಹೊಯ್ದು, ಒಳಗೆ ಕೈಯಾಡಿಸಿ ನೋಡುವುದೇ ಸರಿಯಾದ ಪರೀಕ್ಷೆ. ಬೆಲೆಯ ಮಾತು ಆಮೇಲೆ.

ಮೊಮ್ಮಕ್ಕಳ ವಿಷಯವನ್ನು ಮುಚ್ಚಿಡಲಾರೆವು. 1966ರವರೆಗಿನ ಈ ಗಾಡಿಗಳಲ್ಲಿ ಬ್ರೇಕಿಗೆ ಒಂದೇ ಕೊಳವೆಜಾಲ. ಎಲ್ಲಿ ಸೋರಿದರೂ ನಾಲ್ಕೂ ಚಕ್ರಗಳ ಬ್ರೇಕು ಹೋಗುತ್ತದೆ. 1967ರ ಮಾದರಿಯಿಂದ ಅದು ಎರಡಾಯಿತು. ಹಳೆಯದಕ್ಕೂ ಹಾಗೆ ಮಾಡಿಸಲು ಬರುತ್ತದೆ, ಮಾಡಿಸಲೇಬೇಕು. ಇನ್ನೊಂದು: ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗವೇ ಡಿಕ್ಕಿಯ ನೆಲ. ಹಿಂದಿನ ಆಸನಕ್ಕೂ ಅದಕ್ಕೂ ನಡುವೆ ಗಟ್ಟಿ ತಗಡಿನ ಗೋಡೆಯಿಲ್ಲ. ಅಡ್ಡತಗಡು ಹಾಕಿಸುವವರೆಗೆ ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಹೆದ್ದಾರಿಗೆ ಹೋಗುವುದನ್ನು ನಾವು ಒಪ್ಪಲಾರೆವು.

ಹೀಗಾಗಿ ಕೆಂಪು ಗಾಡಿಯನ್ನು ಬಿಡಿ, ಹಾರ್ಡ್‌ಟಾಪನ್ನು ನೋಡಿ, ಉಳಿದ ಹಣದಲ್ಲಿ ಬ್ರೇಕಿನ ಮತ್ತು ಅಡ್ಡತಗಡಿನ ಕೆಲಸ ಮೊದಲು ಮಾಡಿಸಿ, ಬಣ್ಣ ಕೊನೆಗಿರಲಿ ಎಂದು ಬರೆದೆವು. ಕಳೆದ ವಾರ ಉತ್ತರ ಬಂದಿದೆ. ತಂಬಿಗೆಯನ್ನು ಆ ತಾಯಿಯೇ ಮನೆಯಿಂದ ಒಯ್ದಿದ್ದರಂತೆ. ಮಾರುವವನು ಬೆರಗಾಗಿ ನೋಡುತ್ತಿದ್ದನಂತೆ. ಬಲಬದಿ ಒಣಗಿತ್ತು. ಎಡಬದಿಯಲ್ಲಿ ಕೈಗೆ ನೀರು ಹತ್ತಿತು. ತಗಡು ಬದಲಿಸುವ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳುವಂತೆ ಕೇಳಿ ಬಂದಿದ್ದಾರೆ. ಆತ ಇನ್ನೂ ಒಪ್ಪಿಲ್ಲ.