ಭಾವನವರ ಇಂಗ್ಲೆಂಡು, ನನ್ನ ಮಣಿಮಂಗಲ

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದೆ. ಊಟ ಮುಗಿಸಿ ಜಗಲಿಯಲ್ಲಿ ಕೂತು ಎಲೆಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ಭಾವ ಫೋನು ತೆಗೆದರು. ಅವರ ಮಗ ಇಂಗ್ಲೆಂಡಿನಲ್ಲಿದ್ದಾನೆ. ಬೇಸಿಗೆಯಲ್ಲಿ ಎರಡು ತಿಂಗಳು ಅಲ್ಲಿದ್ದು ಬಂದಿದ್ದರು. ಕಾಟ್ಸ್‌ವೋಲ್ಡ್ಸ್ ಅಂತೆ. ಅಲೆ ಅಲೆಯಾಗಿ ಏರಿಳಿಯುವ ಹಸಿರು ಗುಡ್ಡಗಳು, ಜೇನಿನ ಬಣ್ಣದ ಕಲ್ಲಿನ ಮನೆಗಳು, ಹಳೇ ಚರ್ಚು, ಹೊಲದ ಬದಿಯಲ್ಲೇ ಹಾದುಹೋಗುವ ಮಣ್ಣಿನ ದಾರಿ. ಆ ದಾರಿಯಲ್ಲಿ ದಪ್ಪ ಟೈರಿನ ಗೇರ್ ಸೈಕಲ್ ಮೇಲೆ, ತಲೆಗೆ ಹೆಲ್ಮೆಟ್ ಹಾಕಿಕೊಂಡು, ಅರವತ್ತೆರಡು ವರ್ಷದ ನಮ್ಮ ಭಾವ! ಊರಲ್ಲಿ ಹಾಲಿನ ಡೈರಿಗೆ ಹೋಗಬೇಕಾದರೂ ಸ್ಕೂಟರ್ ಬೇಕು ಅನ್ನುವವರು.

"ನೋಡಪ್ಪ, ಯಾವನದೋ ಹೊಲದೊಳಗೇ ಹೋಗ್ತೀವಿ, ಯಾರೂ ಏನೂ ಅನ್ನಲ್ಲ. ಗೇಟು ತೆಗೆದು, ದಾಟಿ, ಮತ್ತೆ ಮುಚ್ಚಬೇಕು, ಅಷ್ಟೆ. ಎಲ್ಲಾ ಹಳೇ ಕಾಲದ ಹಳ್ಳಿಗಳು. ಇಂಥದ್ದು ನಮ್ಮಲ್ಲಿ ಎಲ್ಲಿದೆ ಹೇಳು? ನೀನಂತೂ ಹೋಗಿ ಹೋಗಿ ಆ ಚೆನ್ನೈ ಬೆಂಕೀಲಿ ಬೇಯ್ತಾ ಇದ್ದೀಯ" ಅಂದರು.

ಅವತ್ತು ನಾನು ಮಾತಾಡಲಿಲ್ಲ. ಅಕ್ಕನ ಮನೆ, ಹಬ್ಬದ ದಿನ. ಆದರೆ "ನಮ್ಮಲ್ಲಿ ಎಲ್ಲಿದೆ" ಅನ್ನುವ ಆ ಮಾತು ಮುಳ್ಳಿನ ಹಾಗೆ ಚುಚ್ಚುತ್ತಾ ಇದೆ. ಇದು ಭಾವನವರೊಬ್ಬರ ಮಾತಲ್ಲ. ವಿದೇಶಕ್ಕೆ ಹೋಗಿ ಬಂದ ನಮ್ಮವರಲ್ಲಿ ಹತ್ತರಲ್ಲಿ ಎಂಟು ಜನ ಇದೇ ಮಾತಾಡುತ್ತಾರೆ. ಹಾಗಾಗಿ ಉತ್ತರವನ್ನು ಎಲ್ಲರೆದುರಿಗೇ ಕೊಡುತ್ತೇನೆ.

ಮೊದಲಿಗೆ ನನ್ನ ಚೆನ್ನೈ. ನಾನು ತಾಂಬರಂ ಕಡೆ ಇರುವವನು. ಭಾನುವಾರ ಬೆಳಗ್ಗೆ ನಾಲ್ಕೂವರೆಗೆ ಏಳುತ್ತೇನೆ. ಬಿಸಿಲೇರುವುದರೊಳಗೆ ಮುಗಿಸಬೇಕಲ್ಲ. ಚೆನ್ನೈಯ ಸೈಕಲ್ ಪಡೆಗಳು ಬಹುಪಾಲು ಪೂರ್ವ ಕರಾವಳಿ ರಸ್ತೆ ಹಿಡಿದು ಮಹಾಬಲಿಪುರದ ಕಡೆ ಹೋಗುತ್ತವೆ. ನಾನು ಪಶ್ಚಿಮಕ್ಕೆ ತಿರುಗುತ್ತೇನೆ. ಮುಡಿಚೂರು, ವರದರಾಜಪುರ ದಾಟಿ ಹತ್ತು ಹನ್ನೆರಡು ಕಿಲೋಮೀಟರ್ ತುಳಿದರೆ ಮಣಿಮಂಗಲ ಸಿಗುತ್ತದೆ. ದೊಡ್ಡ ಕೆರೆ, ಅದರ ಉದ್ದಕ್ಕೂ ಮಣ್ಣಿನ ಏರಿ, ಏರಿಯ ಕೆಳಗೆ ಗದ್ದೆ, ತಾಳೆಮರ, ಚೋಳರ ಕಾಲದ ಗುಡಿಗಳು.

ಈ ಮಣಿಮಂಗಲ ಯಾವುದು ಗೊತ್ತೇ? ನಮ್ಮ ಬಾದಾಮಿಯ ಇಮ್ಮಡಿ ಪುಲಿಕೇಶಿ ಸೋತ ಜಾಗ. ಹರ್ಷವರ್ಧನನನ್ನು ನರ್ಮದೆಯಲ್ಲಿ ತಡೆದ ಅಂತ ಸ್ಕೂಲಲ್ಲಿ ಎದೆಯುಬ್ಬಿಸಿ ಓದಿದೆವಲ್ಲ, ಅದೇ ಪುಲಿಕೇಶಿ. ಪರಿಯಲ, ಮಣಿಮಂಗಲ, ಶೂರಮಾರ ಎಂಬ ಕಡೆಗಳಲ್ಲಿ ಪಲ್ಲವ ನರಸಿಂಹವರ್ಮ ಅವನನ್ನು ಸೋಲಿಸಿದ ಅಂತ ಕೂರಂ ತಾಮ್ರಶಾಸನ ಹೇಳುತ್ತದೆ. ಆಮೇಲೆ 642ರ ಸುಮಾರಿಗೆ ಬಾದಾಮಿಯೇ ಪಲ್ಲವರ ಕೈಗೆ ಹೋಯಿತು. ಮುಂದೆ ನಾಲ್ಕು ಶತಮಾನ ಕಳೆದು ಚೋಳರು ಕಲ್ಯಾಣದ ಚಾಲುಕ್ಯರ ಮೇಲೆ ಗೆದ್ದದ್ದನ್ನು ಇದೇ ಮಣಿಮಂಗಲದ ಗುಡಿಯಲ್ಲಿ ಕೆತ್ತಿಸಿದರು. ಒಟ್ಟಿನಲ್ಲಿ ನಮ್ಮವರು ಸೋತ ಕತೆಗಳ ಗೋಡೆ ಅದು!

ಮೊದಲ ಸಲ ಅಲ್ಲಿ ಸೈಕಲ್ ನಿಲ್ಲಿಸಿದಾಗ ಹಿಂದಿನ ಟ್ಯೂಬು ಪಂಕ್ಚರ್ ಆಗಿತ್ತು. ಟೀ ಅಂಗಡಿಯ ಮುದುಕರು ಒಂದು ಬೇಸಿನ್ ತುಂಬ ನೀರು ತಂದಿಟ್ಟರು. ನನ್ನ ತಮಿಳು ಕೇಳಿ "ಎಂದ ಊರು?" ಅಂದರು. ಕರ್ನಾಟಕ ಅಂದೆ. "ಕಾವೇರಿಯಾ?" ಅಂತ ನಕ್ಕರು. ನಾನೂ ನಕ್ಕೆ. ಕಾವೇರಿ ಕೊಡದವರ ಟ್ಯೂಬಿಗೆ ಮಣಿಮಂಗಲದ ನೀರು ಅಂತ ಅವರೇ ತಮಾಷೆ ಮಾಡಿದರು. ಟೀಗೆ ದುಡ್ಡು ತೆಗೆದುಕೊಳ್ಳಲಿಲ್ಲ. 2016ರ ಸೆಪ್ಟೆಂಬರಿನಲ್ಲಿ ಬೆಂಗಳೂರಲ್ಲಿ ತಮಿಳುನಾಡಿನ ನೋಂದಣಿಯ ಬಸ್ಸುಗಳು ಸುಟ್ಟಾಗ, ಇಲ್ಲಿ ನಾವು ಕೆಎ ನಂಬರಿನ ಕಾರುಗಳನ್ನು ಹೊರಗೆ ತೆಗೆಯದೆ ಕೂತಿದ್ದೆವು. ಊರಿಂದ ದಿನಕ್ಕೆ ಮೂರು ಸಲ ಫೋನು, "ಹುಷಾರಪ್ಪಾ" ಅಂತ. ಆ ವಾರವೂ ನಾನು ಮಣಿಮಂಗಲಕ್ಕೆ ಹೋಗಿ ಬಂದೆ. ಸೈಕಲ್ಲಿಗೆ ನಂಬರ್ ಪ್ಲೇಟ್ ಇಲ್ಲ ನೋಡಿ.

ಅಲ್ಲಿ ಇನ್ನೊಂದು ಪಾಠ ಕಲಿತೆ. ತಮಿಳಿನಲ್ಲಿ 'ಏರಿ' ಅಂದರೆ ಕೆರೆ. 'ಕರೈ' ಅಂದರೆ ದಂಡೆ. ನಮಗೆ ಕೆರೆ ಅಂದರೆ ನೀರು, ಏರಿ ಅಂದರೆ ಅದರ ಕಟ್ಟೆ. ಅವರ 'ಏರಿಕ್ಕರೈ' ನಮ್ಮ 'ಕೆರೆ ಏರಿ'. ಎರಡೂ ಮಾತು ಎರಡೂ ಕಡೆ ಇದೆ, ಹಿಂದುಮುಂದಾಗಿದೆ ಅಷ್ಟೆ. ನೀರಿಗಾಗಿ ಹೊಡೆದಾಡುವ ನಾವು ಈ ಒಂದು ವಿಷಯವನ್ನಾದರೂ ಯೋಚಿಸಬಾರದೆ?

ಇನ್ನೂ ಕಾಲಲ್ಲಿ ಶಕ್ತಿಯಿದ್ದರೆ ಪಡಪ್ಪೈ, ಒರಗಡಂ, ವಾಲಾಜಾಬಾದ್ ಹಾದು ಕಾಂಚೀಪುರ. ತಾಂಬರಂನಿಂದ ಐವತ್ತು ಚಿಲ್ಲರೆ ಕಿಲೋಮೀಟರ್. ಅಲ್ಲಿ ಕೈಲಾಸನಾಥ ಗುಡಿಯ ಕಂಬವೊಂದರಲ್ಲಿ ಹಳಗನ್ನಡ ಶಾಸನವಿದೆ. 8ನೇ ಶತಮಾನದಲ್ಲಿ ನಮ್ಮ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ. ಬಾದಾಮಿಯ ಸೇಡು ತೀರಿಸಿಕೊಳ್ಳಬಹುದಿತ್ತು. ಅವನು ಕಂಚಿಯನ್ನು ದೋಚಲಿಲ್ಲ. ಗುಡಿಯ ಸಂಪತ್ತನ್ನು ನೋಡಿ ಅದನ್ನು ದೇವರಿಗೇ ಬಿಟ್ಟುಕೊಟ್ಟ ಅಂತ ಆ ಕಂಬ ಹೇಳುತ್ತದೆ. ಅದೇ ಗೆಲುವಿನ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯ. ಸೋತ ಜಾಗ ಮತ್ತು ಗೆದ್ದ ಜಾಗ, ಎರಡೂ ನನ್ನ ಒಂದು ಭಾನುವಾರದ ಸೈಕಲ್ ದಾರಿಯಲ್ಲಿವೆ. ಕಾಟ್ಸ್‌ವೋಲ್ಡ್ಸ್ ಹಳ್ಳಿ ಎಷ್ಟು ಹಳೆಯದಾದರೂ ಅಲ್ಲಿ ನನಗೆ ಇಂಥ ಲೆಕ್ಕಾಚಾರ ಏನೂ ಇಲ್ಲ. "ನಮ್ಮಲ್ಲಿ ಎಲ್ಲಿದೆ" ಅಂದಿರಲ್ಲ ಭಾವ, ಇಲ್ಲಿದೆ.

ಹಾಗಂತ ನಾನು ಸುಳ್ಳು ಹೇಳುವವನಲ್ಲ. ಒರಗಡಂ ರಸ್ತೆಯಲ್ಲಿ ಕಾರ್ಖಾನೆಯ ಲಾರಿಗಳು ಪಕ್ಕದಲ್ಲಿ ಹಾದರೆ ಸೈಕಲ್ಲೇ ನಡುಗುತ್ತದೆ. ಮೇ ತಿಂಗಳಲ್ಲಿ ಎಂಟು ಗಂಟೆಗೇ ತಲೆ ಸುಡುತ್ತದೆ. ಚೆನ್ನೈ ಪಾಲಿಕೆ 2014ರಲ್ಲೇ ನಡೆಯುವವರಿಗೂ ಸೈಕಲ್ಲಿನವರಿಗೂ ಅಂತ ಒಂದು ನೀತಿ ಮಾಡಿತು. ನಾನು ತುಳಿಯುವ ದಾರಿಗೆ ಆ ನೀತಿ ಇನ್ನೂ ತಲುಪಿಲ್ಲ. ಗದ್ದೆಗಳು ವರ್ಷವರ್ಷ ಸೈಟುಗಳಾಗುತ್ತಿವೆ. 2015ರ ಡಿಸೆಂಬರಿನಲ್ಲಿ ಅಡ್ಯಾರ್ ನದಿ ಉಕ್ಕಿ ಮುಡಿಚೂರು, ವರದರಾಜಪುರ ಮುಳುಗಿದಾಗ, ನೀರು ಹೋಗುವ ದಾರಿಯಲ್ಲಿ ಮನೆ ಕಟ್ಟಿದರೆ ನೀರು ಮನೆಯೊಳಗೇ ಹೋಗುತ್ತದೆ ಅನ್ನುವುದು ಎಲ್ಲರಿಗೂ ಅರ್ಥವಾಯಿತು. ಮೂರು ತಿಂಗಳಿಗೆ ಮರೆತೂ ಹೋಯಿತು.

ಈಗ ಭಾವನವರ ಇಂಗ್ಲೆಂಡಿಗೆ ಬರೋಣ. ಆ ದಾರಿಗಳು ಅಲ್ಲಿ ತಾನಾಗಿ ಉಳಿದವು ಅಂದುಕೊಂಡಿದ್ದೀರಾ? ಅಲ್ಲಿಯೂ ಜಮೀನ್ದಾರರು ಬೇಲಿ ಹಾಕಿದ್ದರು. 1932ರ ಏಪ್ರಿಲ್‌ನಲ್ಲಿ ಕಿಂಡರ್ ಸ್ಕೌಟ್ ಎಂಬ ಗುಡ್ಡಕ್ಕೆ ನೂರಾರು ಜನ, ಹೆಚ್ಚಿನವರು ಮಿಲ್ಲು ಕಾರ್ಖಾನೆಗಳ ಊರಿನ ಹುಡುಗ ಹುಡುಗಿಯರು, ಬೇಕಂತಲೇ ನುಗ್ಗಿದರು. ಐದು ಜನ ಜೈಲಿಗೆ ಹೋದರು. 1949ರಲ್ಲಿ ಕಾನೂನು ಬಂತು. ಯಾವ ಯಾವ ದಾರಿ ಸಾರ್ವಜನಿಕರದು ಅಂತ ನಕ್ಷೆಯಲ್ಲಿ ಗುರುತು ಮಾಡುವುದು ಕಡ್ಡಾಯವಾಯಿತು. 1968ರಲ್ಲಿ ಮತ್ತೊಂದು ಕಾನೂನು ಬಂದು, ಕುದುರೆ ಸವಾರರ ಹಳೇ ದಾರಿಗಳಲ್ಲಿ ಸೈಕಲ್ಲಿಗೂ ಹಕ್ಕು ಕೊಟ್ಟಿತು. ನಡೆಯುವವರಿಗೂ ಕುದುರೆಗೂ ದಾರಿ ಬಿಟ್ಟು ಹೋಗಬೇಕು ಅನ್ನುವುದೊಂದೇ ಷರತ್ತು. ಭಾವ ಗೇಟು ತೆಗೆದು ಹೊಲ ದಾಟಿದ್ದು ರೈತನ ದೊಡ್ಡ ಮನಸ್ಸಿನಿಂದ ಮಾತ್ರ ಅಲ್ಲ, ಜನ ಜೈಲಿಗೆ ಹೋಗಿ ಗಳಿಸಿದ ಹಕ್ಕಿನಿಂದ. ಫೋಟೋದಲ್ಲಿ ಹಸಿರು ಕಾಣುತ್ತದೆ, ಹಕ್ಕು ಕಾಣುವುದಿಲ್ಲ.

ಅದೇ 1949ರಲ್ಲಿ ಇಂಗ್ಲೆಂಡಿನ ಕಂಪನಿಯೊಂದರ ಜೊತೆ ಸೇರಿ ಮದ್ರಾಸಿನಲ್ಲಿ ಟಿಐ ಸೈಕಲ್ಸ್ ಶುರುವಾಯಿತು. ಹರ್ಕ್ಯುಲಿಸ್, ಬಿಎಸ್‌ಎ ಇಲ್ಲಿಯ ಅಂಬತ್ತೂರಿನಲ್ಲಿ ತಯಾರಾಗಿ ನಮ್ಮ ಮಂಡ್ಯದ ಹಳ್ಳಿಗಳವರೆಗೆ ಬಂದವು. ಅಪ್ಪನ ಹರ್ಕ್ಯುಲಿಸ್ಸಿನ ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆದು ನಾನು ಕಲಿತೆ. ಇಂಗ್ಲೆಂಡಿನಿಂದ ಸೈಕಲ್ಲನ್ನು ತಂದುಕೊಂಡೆವು, ದಾರಿಯ ಕಾನೂನನ್ನು ತರಲಿಲ್ಲ. ಕರ್ನಾಟಕ ಸರ್ಕಾರ 2006-07ರಿಂದ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಟ್ಟಿತು, ಕೋವಿಡ್ ವರ್ಷಗಳಲ್ಲಿ ಅದು ನಿಂತುಹೋಯಿತು. ಸೈಕಲ್ ಕೊಟ್ಟದ್ದು ಸರಿ. ತುಳಿಯಲು ದಾರಿ ಉಳಿಸಿದವರು ಯಾರು?

ನಮ್ಮಲ್ಲಿ ದಾರಿ ಇರಲಿಲ್ಲವೇ? ಗ್ರಾಮ ನಕಾಶೆ ತೆಗೆದು ನೋಡಿ. ಬಂಡಿದಾರಿ, ಕಾಲುದಾರಿ ಅಂತ ಚುಕ್ಕಿಗೆರೆಯಲ್ಲಿ ಬರೆದೇ ಇದೆ. ನಮ್ಮೂರ ಕೆರೆ ಏರಿಯಿಂದ ಹೈಸ್ಕೂಲಿಗೆ ಹೋಗುವ ಬಂಡಿದಾರಿ ಅದರಲ್ಲಿದೆ. ಎರಡು ಕಡೆ ಹೊಂಗೆ, ನಡುವೆ ಚಕ್ರದ ಎರಡು ಗೆರೆ. ಮೂರು ವರ್ಷ ನಾನು ಅದೇ ದಾರಿಯಲ್ಲಿ ಸೈಕಲ್ ತುಳಿದು ಓದಿದವನು.

ದೀಪಾವಳಿಯ ಮಾರನೆ ದಿನ ಅಕ್ಕನ ಮೊಮ್ಮಗನ ಸೈಕಲ್ ತೆಗೆದುಕೊಂಡು ಆ ಕಡೆ ಹೋದೆ. ಅರ್ಧ ದಾರಿಯಲ್ಲಿ ಕಲ್ಲುಕಂಬ, ಐದು ಸಾಲು ಮುಳ್ಳುತಂತಿ. ಹೊಂಗೆ ಮರಗಳಿಲ್ಲ. ಆಚೆ ಬಿಳಿ ಸುಣ್ಣ ಹಚ್ಚಿದ ಸೈಟುಕಲ್ಲುಗಳು. ಬೇಲಿಯ ಈಚೆ ಇಬ್ಬರು ಹುಡುಗಿಯರು ಯೂನಿಫಾರ್ಮಿನಲ್ಲಿ ಸೈಕಲ್ ತಳ್ಳಿಕೊಂಡು ಟಾರು ರಸ್ತೆಯ ಕಡೆ ತಿರುಗುತ್ತಿದ್ದರು. ಕೇಳಿದೆ. "ಈ ಕಡೆ ಮುಚ್ಚವ್ರೆ ಸಾರ್, ಲಾರಿ ರೋಡಲ್ಲೇ ಹೋಗ್ಬೇಕು" ಅಂದರು.

ಜಮೀನು ಯಾರದು ಅಂತ ಕೇಳುವ ಅಗತ್ಯ ಇರಲಿಲ್ಲ. ಅಕ್ಕನನ್ನು ಕೊಟ್ಟಿರುವುದು ಊರಿಗೇ. ಅದು ಭಾವನವರ ಲೇಔಟು.

ಜಮೀನು ಭಾವನವರದೇ, ಒಪ್ಪಿದೆ. ದಾರಿ ಅವರದಲ್ಲ. ಯಾವನದೋ ಹೊಲದೊಳಗೆ ಸೈಕಲ್ ಬಿಡುವಾಗ ಅವರಿಗೆ ಸ್ವರ್ಗ ಕಂಡಿತು. ಅವರ ಹೊಲದ ಬದಿಯಲ್ಲಿ ಊರಿನ ಹುಡುಗಿಯರು ಸೈಕಲ್ ಬಿಟ್ಟರೆ ಸೈಟಿನ ರೇಟು ಕಮ್ಮಿಯಾಗುತ್ತದೆ! ಇಂಥವರು ಇಂಗ್ಲೆಂಡನ್ನು ಹೊಗಳಿದರೆ ನನಗೆ ನಗು ಬರುವುದಿಲ್ಲ, ಸಿಟ್ಟು ಬರುತ್ತದೆ. ನಿಮ್ಮೂರಿನಲ್ಲೂ ಇಂಥ ಭಾವ ಇಲ್ಲವೇ? ಸ್ವಲ್ಪ ಯೋಚಿಸಿ. ಬಹುಶಃ ಅದು ನೀವೇ ಇರಬಹುದು.

ಕಾಂಚೀಪುರ ಜಿಲ್ಲೆಯಲ್ಲೇ ಉತ್ತರಮೇರೂರು ಅಂತ ಇನ್ನೊಂದು ಊರಿದೆ. ಅಲ್ಲಿಯ ಗೋಡೆಯಲ್ಲಿ ಕ್ರಿ.ಶ. 920ರ ಆಸುಪಾಸಿನ ಚೋಳ ಪರಾಂತಕನ ಕಾಲದ ಶಾಸನಗಳಿವೆ. ಹೆಸರು ಬರೆದ ಓಲೆಗಳನ್ನು ಕೊಡದಲ್ಲಿ ಹಾಕಿ, ಹುಡುಗನೊಬ್ಬನಿಂದ ಎತ್ತಿಸಿ ಊರಿನ ಸಮಿತಿಗಳನ್ನು ಆರಿಸುತ್ತಿದ್ದರು. ಅದರಲ್ಲಿ ಕೆರೆಗೇ ಒಂದು ಸಮಿತಿ. ಅಧಿಕಾರದಲ್ಲಿದ್ದು ಲೆಕ್ಕ ಒಪ್ಪಿಸದವನು ಮತ್ತೆ ಸಮಿತಿಗೆ ಬರುವಂತಿಲ್ಲ. ಅವನೊಬ್ಬನೇ ಅಲ್ಲ, ಅವನ ನೆಂಟರಿಷ್ಟರೂ ಬರುವಂತಿಲ್ಲ.

ಆ ಲೆಕ್ಕದಲ್ಲಿ ನನಗೂ ಜಾಗವಿಲ್ಲ. ಬೇಲಿ ಹಾಕಿದವರ ಭಾವಮೈದ ನಾನು. ಹಬ್ಬದ ದಿನ ಬಾಯಿಮುಚ್ಚಿಕೊಂಡು ಕೂತು ಹೋಳಿಗೆ ತಿಂದವನು. ಅದಕ್ಕೇ ಈಗ ಬರೆಯುತ್ತಿದ್ದೇನೆ. ಈ ಸಲ ಯುಗಾದಿಗೆ ಊರಿಗೆ ಬರುವಾಗ ಗ್ರಾಮ ನಕಾಶೆಯ ಪ್ರತಿ ತೆಗೆಸಿಕೊಂಡೇ ಅಕ್ಕನ ಮನೆಗೆ ಬರುತ್ತೇನೆ. ಭಾವನವರು ಫೋನಿನಲ್ಲಿ ಕಾಟ್ಸ್‌ವೋಲ್ಡ್ಸ್ ತೋರಿಸಲಿ, ನಾನು ಚುಕ್ಕಿಗೆರೆ ತೋರಿಸುತ್ತೇನೆ. ಆಮೇಲೆ ಇಬ್ಬರೂ ಸೈಕಲ್ ತೆಗೆದುಕೊಂಡು ಕೆರೆ ಏರಿಯ ಮೇಲೆ ಹೋಗೋಣ. ಗೇಟು ಇಡುವುದಾದರೆ ಇಡಲಿ. ತೆಗೆದು, ದಾಟಿ, ಮತ್ತೆ ಮುಚ್ಚಿ ಹೋಗುವುದು ಹೇಗೆ ಅಂತ ಅವರಿಗೆ ಗೊತ್ತಿದೆಯಲ್ಲ.