ಕಬ್ಯೂಷ್‌ನನ್ನು ಯಾರೂ ಕೇಳಲಿಲ್ಲ

ಹಳೆಯ ಕೊಲೆ ಸಿನಿಮಾಗಳ ಹುಚ್ಚಿರುವವರಿಗೆ ಗೊತ್ತಿರುವ ಹೆಸರು, 'ಲಾ ಬೇತ್ ಯೂಮೇನ್'. ನಮ್ಮ ಮಾತಲ್ಲಿ 'ಮನುಷ್ಯ ಮೃಗ' ಅನ್ನಬಹುದು. 1890ರಲ್ಲಿ ಎಮಿಲ್ ಜೋಲಾ ಬರೆದ ಕಾದಂಬರಿ, 1938ರಲ್ಲಿ ಝಾನ್ ರೆನ್ವಾರ್ ಮಾಡಿದ ಸಿನಿಮಾ. (ಅದೇ ರೆನ್ವಾರ್. ಮುಂದೆ ಬಂಗಾಳಕ್ಕೆ ಬಂದು 'ದಿ ರಿವರ್' ತೆಗೆದವನು. ನಮ್ಮ ಸತ್ಯಜಿತ್ ರೇ ಆಗ ಅವನ ಹಿಂದೆ ಮುಂದೆ ಓಡಾಡಿದ್ದು ನಿಮಗೆ ಗೊತ್ತಿರುತ್ತೆ.)

ಈ ಚಿತ್ರದ ಬಗ್ಗೆ ಬರೆಯುವವರೆಲ್ಲ ರೈಲಿನ ಬಗ್ಗೆ ಬರೀತಾರೆ. ಬರೀಬೇಕಾದ್ದೇ ಬಿಡಿ. ಶುರುವಿನಲ್ಲೇ ಹೊಗೆ, ಬೆಂಕಿ, ಸುರಂಗ, ಹಳಿ... ಲ ಹಾವ್ರ್ ಕಡೆಗೆ ಓಡುವ ಉಗಿಬಂಡಿ, ಎಷ್ಟೋ ಹೊತ್ತು ಒಂದು ಮಾತೂ ಇಲ್ಲ. ಆಮೇಲೆ ಎಂಜಿನ್ ಡ್ರೈವರ್ ಲಾಂತಿಯೆ ಆಗಿರುವ ಝಾನ್ ಗಾಬಿನ್, ಬೆಕ್ಕಿನ ಮುಖದ ಸಿಮೋನ್ ಸಿಮೋನ್. ಎಲ್ಲ ಸರಿ. ಆದರೆ ನನ್ನ ತಕರಾರು ಬೇರೆ ಇದೆ. ಅದನ್ನು ಹೇಳೋಕೆ ಕಥೆ ಪೂರ್ತಿ ಬಿಚ್ಚಿಡಬೇಕು. ನೋಡದೇ ಇರುವವರು ಮೊದಲು ನೋಡಿ ಬನ್ನಿ, ಆಮೇಲೆ ಜಗಳ ಆಡೋಣ.

ರೂಬೋ ಲ ಹಾವ್ರ್ ನಿಲ್ದಾಣದಲ್ಲಿ ಅಧಿಕಾರಿ. ಒಬ್ಬ ದೊಡ್ಡ ಮನುಷ್ಯನಾದ ಪ್ರಯಾಣಿಕನಿಗೆ ನಿಯಮ ಹೇಳಲು ಹೋಗಿ ಕೆಲಸಕ್ಕೇ ಕುತ್ತು ತಂದುಕೊಳ್ಳುತ್ತಾನೆ. ಪಾರಾಗಲು ಹೆಂಡತಿ ಸೆವೆರಿನ್‌ಳನ್ನು ಅವಳ ಶ್ರೀಮಂತ ಧರ್ಮಪಿತ ಗ್ರಾನ್‌ಮೊರಾನ್ ಹತ್ತಿರ ಶಿಫಾರಸಿಗೆ ಕಳಿಸುವವನು ತಾನೇ! ಆ ಮುದುಕ ಅವಳನ್ನು ಚಿಕ್ಕ ವಯಸ್ಸಿನಿಂದ ಕೆಡಿಸಿದ್ದ ಅಂತ ಆಮೇಲೆ ತಿಳಿಯುತ್ತೆ. ಹೊಟ್ಟೆಕಿಚ್ಚಿನಿಂದ ಕುದಿದುಹೋದ ರೂಬೋ ಹೆಂಡತಿಯನ್ನೂ ಎಳೆದುಕೊಂಡು ಹೋಗಿ, ಓಡುವ ರೈಲಿನಲ್ಲಿ ಮುದುಕನನ್ನು ಕೊಲ್ಲುತ್ತಾನೆ. ರೆನ್ವಾರ್ ಕೊಲೆಯನ್ನು ತೋರಿಸುವುದಿಲ್ಲ. ಮುಚ್ಚಿದ ಬೋಗಿ ಅಷ್ಟೇ. ಹೊರಗೆ ಕಾರಿಡಾರಿನಲ್ಲಿ ಲಾಂತಿಯೆ ನಿಂತಿದ್ದಾನೆ. ಗಂಡ ಹೆಂಡತಿ ಇಬ್ಬರನ್ನೂ ಕಂಡಿದ್ದಾನೆ.

ವಿಚಾರಣೆ ಶುರುವಾದಾಗ ಸೆವೆರಿನ್ ಅವನನ್ನು ಒಮ್ಮೆ ನೋಡುತ್ತಾಳೆ, ಅಷ್ಟೇ. ಲಾಂತಿಯೆ ಯಾರನ್ನೂ ನೋಡಲಿಲ್ಲ ಅಂದುಬಿಡುತ್ತಾನೆ. ಇಡೀ ಪ್ರೇಮಕಥೆ ಹುಟ್ಟೋದು ಈ ಸುಳ್ಳಿನಿಂದ.

ಸುಳ್ಳಿನ ಬಿಲ್ಲು ಯಾರ ಹೆಸರಿಗೆ ಬಂತು? ಕಬ್ಯೂಷ್ ಅನ್ನುವ ಬಡವನ ಹೆಸರಿಗೆ. ಒರಟ, ಮಾತು ಬಾರದವನು, ಹಿಂದೆ ಜೈಲು ಕಂಡು ಬಂದವನು. ಅವನು ಇಷ್ಟಪಟ್ಟಿದ್ದ ಹುಡುಗಿಯನ್ನೂ ಗ್ರಾನ್‌ಮೊರಾನ್ ಬಿಟ್ಟಿರಲಿಲ್ಲ, ಅವಳು ಸತ್ತಿದ್ದಳು. ಆ ಸಿಟ್ಟಿನಲ್ಲಿ ಏನೋ ಕೂಗಾಡಿದ್ದ. ಪೊಲೀಸರಿಗೆ ಇನ್ನೇನು ಬೇಕು? ಈ ಪಾತ್ರವನ್ನು ಮಾಡಿರುವವನು ಸ್ವತಃ ರೆನ್ವಾರ್. ತನಿಖಾಧಿಕಾರಿಯ ಮುಂದೆ ನಿಂತು ಆ ಹುಡುಗಿಯ ವಿಷಯ ಹೇಳುವಾಗ ಅವನ ದಪ್ಪ ದೇಹ, ತಡವರಿಸುವ ಮಾತು ನೋಡಿ ನನಗೆ ಹೊಟ್ಟೆ ಹಿಂಡಿದಂತಾಯಿತು.

ಆಮೇಲೆ? ಆಮೇಲೆ ಕಬ್ಯೂಷ್ ಸಿನಿಮಾದಲ್ಲಿ ಇಲ್ಲವೇ ಇಲ್ಲ! ಬಿಟ್ಟರೋ, ಶಿಕ್ಷೆ ಕೊಟ್ಟರೋ ಯಾರೂ ಹೇಳುವುದಿಲ್ಲ. ಡ್ರೈವರ್‌ಗೂ ಆ ಹೆಣ್ಣಿಗೂ ಮಳೆಯಲ್ಲಿ ಪ್ರೇಮ ಬೆಳೆಯುತ್ತೆ, ಗಂಡನನ್ನು ಮುಗಿಸು ಅಂತ ಅವಳು ಹೇಳುತ್ತಾಳೆ, ಇವನು ತನ್ನ ಹಳೆಯ ಹುಚ್ಚು ಕೆರಳಿ ಅವಳನ್ನೇ ಕೊಲ್ಲುತ್ತಾನೆ, ಕೊನೆಗೆ ಓಡುವ ರೈಲಿನಿಂದ ಹಾರಿ ಸಾಯುತ್ತಾನೆ. ನಾವು ಮೂವರಿಗೂ ಮರುಗುತ್ತೇವೆ. ನಾಲ್ಕನೆಯವನ ನೆನಪು ಆ ಪ್ರೇಮಿಗಳಿಗೂ ಬರಲ್ಲ, ನಮಗೂ ಬರಲ್ಲ. ಎಲ್ಲರ ಮೇಲೂ ಕರುಣೆ ಇಟ್ಟವನು ಅಂತ ರೆನ್ವಾರ್‌ನನ್ನು ಹೊಗಳುತ್ತಾರಲ್ಲ, ತಾನೇ ವೇಷ ಹಾಕಿದ ಮನುಷ್ಯನ ಹತ್ತಿರ ಬಂದಾಗ ಆ ಕರುಣೆ ಒಂದೇ ದೃಶ್ಯಕ್ಕೆ ಮುಗಿದುಹೋಯಿತೇ? ಇದು ಬೇಕೆಂದೇ ಮಾಡಿದ್ದು, ಸಮಾಜ ಅವನನ್ನು ಮರೆತದ್ದನ್ನು ತೋರಿಸಲು ಅಂತ ಯಾರಾದರೂ ವಾದ ಮಾಡಬಹುದು. ನನಗಂತೂ ಒಪ್ಪಿಗೆ ಇಲ್ಲ. ಮರೆವನ್ನು ತೋರಿಸಬೇಕಾದರೆ ನಮಗೆ ಒಮ್ಮೆಯಾದರೂ ಅದು ಚುಚ್ಚಬೇಕು. ಇಲ್ಲಿ ಚುಚ್ಚುವುದೇ ಇಲ್ಲ, ಪ್ರೇಮ ಅಷ್ಟು ಚೆನ್ನಾಗಿದೆ.

ಜೋಲಾ ಹೀಗೆ ಮಾಡಲಿಲ್ಲ. ಕಾದಂಬರಿಯಲ್ಲಿ ಮೊದಲ ಸಲ ಕಬ್ಯೂಷ್ ಬಿಡುಗಡೆಯಾಗುತ್ತಾನೆ, ನ್ಯಾಯ ಸಿಕ್ಕಿದ್ದಕ್ಕಲ್ಲ, ಕೇಸು ಮುಂದುವರಿದರೆ ಸತ್ತ ದೊಡ್ಡ ಮನುಷ್ಯನ ಹೊಲಸು ಹೊರಗೆ ಬಂದು ಸರ್ಕಾರಕ್ಕೆ ಮುಜುಗರ ಅಂತ. ಆಮೇಲೆ ಲಾಂತಿಯೆ ಸೆವೆರಿನ್‌ಳನ್ನು ಕೊಂದು ಹೋದಾಗ, ಅವಳನ್ನು ಒಳಗೊಳಗೇ ಪೂಜಿಸುತ್ತಿದ್ದ ಕಬ್ಯೂಷ್ ಹೆಣ ಎತ್ತಿಕೊಂಡು ರಕ್ತದಲ್ಲಿ ಸಿಕ್ಕಿಬೀಳುತ್ತಾನೆ. ಗ್ರಾನ್‌ಮೊರಾನ್‌ನ ಗಡಿಯಾರ ಕೂಡ ಅವನ ಗುಡಿಸಲಲ್ಲೇ ಸಿಗುತ್ತೆ. ದೆನಿಜೆ ಎಂಬ ತನಿಖಾಧಿಕಾರಿಗೆ ಖುಷಿಯೋ ಖುಷಿ. ರೂಬೋ ದುಡ್ಡು ಕೊಟ್ಟು ಕಬ್ಯೂಷ್ ಕೈಯಲ್ಲಿ ಎರಡೂ ಕೊಲೆ ಮಾಡಿಸಿದ ಅಂತ ಅಚ್ಚುಕಟ್ಟಾದ ಕಥೆ ಕಟ್ಟುತ್ತಾನೆ. ರೂಬೋ ಸೋತು, ಮೊದಲ ಕೊಲೆ ನಾನೇ ಹೊಟ್ಟೆಕಿಚ್ಚಿಗೆ ಮಾಡಿದೆ ಅಂತ ಸತ್ಯ ಹೇಳಿದರೆ ನಂಬುವುದಿಲ್ಲ! ಅವನ ಕಥೆಗೆ ಆ ಸತ್ಯ ಹೊಂದುವುದಿಲ್ಲವಲ್ಲ. ಇಬ್ಬರಿಗೂ ಜೀವಾವಧಿ ಕಠಿಣ ಶಿಕ್ಷೆ. ನಿಜವಾದ ಕೊಲೆಗಾರ ಲಾಂತಿಯೆ ಅದೇ ಕೋರ್ಟಿನಲ್ಲಿ ಸಾಕ್ಷಿ ಹೇಳಿ ಮನೆಗೆ ಹೋಗುತ್ತಾನೆ.

ಹಿಚ್ಕಾಕ್ ಸಿನಿಮಾಗಳಲ್ಲೂ ತಪ್ಪಿಲ್ಲದವನು ಸಿಕ್ಕಿಬೀಳುತ್ತಾನೆ ಅಂತೀರಾ? 'ನಾರ್ತ್ ಬೈ ನಾರ್ತ್‌ವೆಸ್ಟ್' (1959) ನೆನಪಿಸಿಕೊಳ್ಳಿ. ಅಲ್ಲಿ ಸಿಕ್ಕಿಬೀಳುವವನು ಕ್ಯಾರಿ ಗ್ರಾಂಟ್. ಒಳ್ಳೆಯ ಸೂಟು, ಚುರುಕು ಮಾತು, ಜೊತೆಗೊಬ್ಬಳು ಚೆಲುವೆ. ಓಡಿ ಪಾರಾಗುತ್ತಾನೆ ಅಂತ ನಮಗೆ ಮೊದಲೇ ಗೊತ್ತು. (1956ರ 'ದಿ ರಾಂಗ್ ಮ್ಯಾನ್' ಮಾತ್ರ ಬೇರೆ ಜಾತಿಯದು. ಅದರ ಬಗ್ಗೆ ಇನ್ನೊಮ್ಮೆ ಬರೀತೀನಿ.) ಕಬ್ಯೂಷ್‌ಗೆ ಸೂಟೂ ಇಲ್ಲ, ಮಾತೂ ಇಲ್ಲ. ಅವನು ಓಡುವುದೇ ಇಲ್ಲ.

ಕಾದಂಬರಿಯಲ್ಲಿ ಇನ್ನೊಂದು ಸಂಗತಿ ಇದೆ, ಸಿನಿಮಾ ಮುಗಿದ ಮೇಲೆ ನನ್ನ ತಲೆಯಲ್ಲಿ ಓಡಿದ್ದು ಅದೇ. ಮುದುಕನನ್ನು ಆ ರೈಲಿಗೆ ಕರೆಸಲು ಗಂಡ ಹೆಂಡತಿಯ ಕೈಯಲ್ಲಿ ಒಂದು ಚೀಟಿ ಬರೆಸಿರುತ್ತಾನೆ. ಅದು ನ್ಯಾಯ ಇಲಾಖೆಯ ದೊಡ್ಡ ಅಧಿಕಾರಿ ಕಾಮಿ-ಲಾಮೊತ್ ಕೈ ಸೇರುತ್ತೆ. ಅಕ್ಷರ ಯಾರದ್ದು ಅಂತ ಅವನಿಗೆ ಚೆನ್ನಾಗಿ ಗೊತ್ತು. ಬಚ್ಚಿಟ್ಟುಕೊಂಡಿರುತ್ತಾನೆ. ಕೊನೆಗೆ, ದೀಪಕ್ಕೆ ಹಿಡಿದು ಸುಟ್ಟುಹಾಕುತ್ತಾನೆ.