ಎಚ್‌ಎಂಟಿ ಕಟ್ಟಿಕೊಳ್ಳಿ, ಡಬ್ಬದಲ್ಲಿಡಬೇಡಿ

ನಮ್ಮ ಕಾಲೇಜಿನಲ್ಲಿ ಈಗ ಎಚ್‌ಎಂಟಿ ಗೀಳು. ಸ್ಮಾರ್ಟ್‌ವಾಚ್ ಕಟ್ಟಿಕೊಂಡು ದಿನಕ್ಕೆ ಎಷ್ಟು ಹೆಜ್ಜೆ ನಡೆದೆವೆಂದು ಎಣಿಸುತ್ತಿದ್ದವರೇ ಈಗ ತಾತನ ಟ್ರಂಕು ಕೆದಕಿ ಜನತಾ, ಪೈಲಟ್, ಸೋನಾ ಹುಡುಕಿ ತರುತ್ತಿದ್ದಾರೆ. ಮನೆಯಲ್ಲಿ ಸಿಗದವರು ಆನ್‌ಲೈನ್‌ನಲ್ಲಿ ತರಿಸುತ್ತಾರೆ. ಕೀ ಕೊಡುವ ಸದ್ದನ್ನೇ ರೀಲ್ಸ್ ಮಾಡಿ ಹಾಕಿದವರೂ ಇದ್ದಾರೆ. ನಾನೂ ಈ ಗುಂಪಿನವನೇ. ಮೆಕ್ಯಾನಿಕಲ್ ಓದುವವನಿಗೆ ಇದಕ್ಕಿಂತ ಒಳ್ಳೆಯ ಹುಚ್ಚು ಇನ್ನೊಂದಿಲ್ಲ. ಆದರೆ ಈ ಹುಚ್ಚು ಹಿಡಿದಿರುವ ದಾರಿಯ ಬಗ್ಗೆ ನನಗೊಂದು ತಕರಾರಿದೆ.

ಮೊದಲು ಹಿನ್ನೆಲೆ. 1953ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಮೂಲತಃ ಲೇತು, ಮಿಲ್ಲಿಂಗ್ ಯಂತ್ರಗಳ ಕಂಪನಿ. ಯಂತ್ರ ಮಾಡುವ ಯಂತ್ರಗಳನ್ನು ತಯಾರಿಸುತ್ತಿದ್ದವರು 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಕೈಗಡಿಯಾರಕ್ಕೆ ಇಳಿದರು. ಮೊದಲ ಗಡಿಯಾರಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ನೆಹರೂ. ಆಮೇಲೆ ಶ್ರೀನಗರ, ತುಮಕೂರು, ರಾಣಿಬಾಗ್‌ಗಳಲ್ಲೂ ಕಾರ್ಖಾನೆಗಳು ಬಂದವು. ಒಟ್ಟು 10 ಕೋಟಿಗೂ ಹೆಚ್ಚು ಗಡಿಯಾರಗಳು ತಯಾರಾದವು. ನಮ್ಮ ಶ್ರೀನಿವಾಸಪುರದ ಕಡೆ ಮದುವೆ ಮಾತುಕತೆಯಲ್ಲಿ ಸೈಕಲ್, ರೇಡಿಯೊ ಜೊತೆ ‘ವಾಚು’ ಎಂದರೆ ಎಚ್‌ಎಂಟಿ ಎಂದೇ ಅರ್ಥವಿತ್ತಂತೆ. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಆಗ ನನಗೆ ಹತ್ತು ವರ್ಷ. ತುಮಕೂರಿನ ಕಾರ್ಖಾನೆಯ ಜಾಗ ಇಂದು ಇಸ್ರೊ ಕೈಯಲ್ಲಿದೆ. ಎಚ್‌ಎಂಟಿ ಹೆಸರು ಹೊತ್ತ ಹೊಸ ವಾಚುಗಳು ಈಗಲೂ ಸಿಗುತ್ತವೆ, ಆದರೆ ಜನ ಹುಡುಕುವುದು ಅವನ್ನಲ್ಲ. ಆ ಹಳೆಯ ಕಾರ್ಖಾನೆಗಳಲ್ಲಿ ಹುಟ್ಟಿದ, ಕೀ ಕೊಡುವ ಗಡಿಯಾರಗಳನ್ನು.

ಅದರಲ್ಲಿ ಅಂಥದ್ದೇನಿದೆ? ಜನತಾದ ಹಿಂಬದಿಯ ಮುಚ್ಚಳ ತೆಗೆದು ನೋಡಿ, ಗೊತ್ತಾಗುತ್ತದೆ. ಸುರುಳಿ ಸುತ್ತಿದ ಒಂದು ಸ್ಪ್ರಿಂಗು, ಅದರ ಶಕ್ತಿಯನ್ನು ಹೊತ್ತೊಯ್ಯುವ ಗೇರುಗಳ ಸಾಲು, ಆ ಶಕ್ತಿ ಒಮ್ಮೆಲೇ ಸೋರಿಹೋಗದಂತೆ ತಡೆತಡೆದು ಬಿಡುವ ಎಸ್ಕೇಪ್‌ಮೆಂಟು, ಅತ್ತಿತ್ತ ತೂಗುವ ಬ್ಯಾಲೆನ್ಸ್ ಚಕ್ರ. ಸೆಕೆಂಡಿಗೆ 5 ಬಡಿತ, ಗಂಟೆಗೆ 18,000, ದಿನಕ್ಕೆ 4,32,000. ಸವೆತ ತಡೆಯಲು 17 ಪುಟ್ಟ ಕೃತಕ ಮಾಣಿಕ್ಯಗಳು. ಡಯಲ್ ಮೇಲೆ ‘17 ಜ್ಯೂವೆಲ್ಸ್’ ಎಂದು ಬರೆದಿರುವುದು ಇವನ್ನೇ, ಒಡವೆಯನ್ನಲ್ಲ. ಕೈನಮ್ಯಾಟಿಕ್ಸ್ ಪಾಠದಲ್ಲಿ ಗೇರ್ ಟ್ರೇನ್ ಎಂದು ಬೋರ್ಡಿನ ಮೇಲೆ ಬರೆದ ವೃತ್ತಗಳು ಇಲ್ಲಿ ಕಣ್ಣೆದುರೇ ತಿರುಗುತ್ತವೆ. ಚೆನ್ನಾಗಿ ಸರ್ವಿಸ್ ಆದ ಜನತಾ ದಿನಕ್ಕೆ ಅರ್ಧ ನಿಮಿಷ ಆಚೀಚೆ ಆದರೂ, ದಿನದ 86,400 ಸೆಕೆಂಡಿನಲ್ಲಿ ಅದು ಶೇ 0.035 ಅಷ್ಟೇ. ನಮ್ಮ ಲ್ಯಾಬಿನಲ್ಲಿ ಶೇ 5 ತಪ್ಪಿದರೂ ರೆಕಾರ್ಡಿಗೆ ಸಹಿ ಬೀಳುತ್ತದೆ!

ಹಾಗೆಂದು ‘ಕಾರ್ಖಾನೆ ಮತ್ತೆ ತೆರೆಯಿರಿ’ ಎನ್ನುವವರ ಜೊತೆ ನಾನಿಲ್ಲ. ಸೆಕೆಂಡಿಗೆ 32,768 ಸಲ ಕಂಪಿಸುವ ಕ್ವಾರ್ಟ್ಜ್ ಹರಳಿನ ಮುಂದೆ ಸ್ಪ್ರಿಂಗು ಸೋಲಲೇಬೇಕು. ಅಗ್ಗ, ನಿಖರ, ಕೀ ಕೊಡುವ ತಾಪತ್ರಯವೂ ಇಲ್ಲ. ಮಾಲೂರಿನ ಪಕ್ಕದ ಹೊಸೂರಿನಲ್ಲೇ ಟೈಟಾನ್ ಕಾರ್ಖಾನೆ ಬಂತು, ಎಂಬತ್ತರ ದಶಕದ ಕೊನೆಗೆ ಅವರ ಕ್ವಾರ್ಟ್ಜ್ ಗಡಿಯಾರ ಅಂಗಡಿಗೆ ಬಂತು. ಚೆಂದವೂ ಇತ್ತು. ಜನ ಅದನ್ನು ಆರಿಸಿಕೊಂಡರು. ಅದರಲ್ಲಿ ಮೋಸವೇನೂ ಇಲ್ಲ. ವರ್ಷಗಟ್ಟಲೆ ನಷ್ಟದಲ್ಲಿದ್ದ ಕಂಪನಿಯನ್ನು ಬರೀ ನೆನಪಿಗಾಗಿ ನಡೆಸಲು ಆಗುವುದಿಲ್ಲ.

ನನ್ನ ತಕರಾರು ಬೇರೆ. ಕಾರ್ಖಾನೆ ಮುಚ್ಚಿದರೂ ಗಡಿಯಾರ ಸತ್ತಿಲ್ಲ. ಮುಳಬಾಗಿಲಿನ ಬಸ್ ನಿಲ್ದಾಣದ ಹತ್ತಿರ ಮೂರಡಿ ಅಗಲದ ಗಾಜಿನ ಗೂಡಿನಲ್ಲಿ ಕೂತು ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ. ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ, ಎದುರಿಗೆ ಒಂದು ಚಿಮಟ, ಐದಾರು ಸ್ಕ್ರೂಡ್ರೈವರ್, ಎಣ್ಣೆಯ ಪುಟ್ಟ ಬಟ್ಟಲು. ಅವರ ಇಡೀ ವರ್ಕ್‌ಶಾಪು ಅಂಗಿಯ ಜೇಬಿನಲ್ಲಿ ಹಿಡಿಯುತ್ತದೆ. ಕಳೆದ ರಜೆಯಲ್ಲಿ ಅವರ ಪಕ್ಕದ ಸ್ಟೂಲಿನ ಮೇಲೆ ಕೂತು ಒಂದು ಗಡಿಯಾರವನ್ನು ಪೂರ್ತಿ ಬಿಚ್ಚಿ, ತೊಳೆದು, ಎಣ್ಣೆ ಹಾಕಿ, ಜೋಡಿಸುವುದನ್ನು ನೋಡಿದೆ. ಎಣ್ಣೆ ಎಂದರೆ ಸೂಜಿಮೊನೆಯಷ್ಟು. ಹೆಚ್ಚಾದರೆ ಹರಡಿ ಕೆಡಿಸುತ್ತದೆ, ಕಡಿಮೆಯಾದರೆ ಲೋಹ ತೇಯುತ್ತದೆ. ‘ಎಷ್ಟು ಹಾಕಬೇಕು’ ಎಂದು ಕೇಳಿದ್ದಕ್ಕೆ, ‘ಬೇಕಾದಷ್ಟು’ ಎಂದರು. ಟ್ರೈಬಾಲಜಿ ಪುಸ್ತಕದಲ್ಲಿ ಈ ಅಳತೆ ಇಲ್ಲ.

ಅವರಿಗೆ ಈ ಕೆಲಸ ಸಾಧ್ಯವಾಗಲು ಕಾರಣ ಎಚ್‌ಎಂಟಿಯೇ. ಒಂದೇ ಬಗೆಯ ಯಂತ್ರ ಲಕ್ಷಗಟ್ಟಲೆ ಗಡಿಯಾರಗಳಲ್ಲಿ ಕೂತಿತ್ತು. ಹಾಗಾಗಿ ಒಂದು ಕಲಿತರೆ ಸಾಕು, ಊರಿನ ಎಲ್ಲರ ಕೈಯ ಗಡಿಯಾರಕ್ಕೂ ವೈದ್ಯರಾಗಬಹುದಿತ್ತು. ಒಂದರ ಚಕ್ರ ಇನ್ನೊಂದಕ್ಕೆ ಕೂರುತ್ತಿತ್ತು. ಒಳ್ಳೆಯ ವಿನ್ಯಾಸ ಎಂದರೆ ಇದು ಎಂದು ನನಗನ್ನಿಸುವುದು: ಬೆಂಗಳೂರಿನಲ್ಲಿ ಮಾಡಿದ್ದನ್ನು ಮುಳಬಾಗಿಲಿನಲ್ಲಿ ಸರಿಮಾಡಲು ಬರಬೇಕು.

ಈಗ ನಮ್ಮ ಅಭಿಮಾನಿಗಳು ಏನು ಮಾಡುತ್ತಿದ್ದಾರೆ ನೋಡಿ. ಕೊಳ್ಳುವುದು, ಫೋಟೊ ತೆಗೆಯುವುದು, ಡಬ್ಬದಲ್ಲಿಡುವುದು, ಬೆಲೆ ಏರಲಿ ಎಂದು ಕಾಯುವುದು. ಡಬ್ಬದಲ್ಲಿಟ್ಟರೂ ಎಣ್ಣೆ ಒಣಗುತ್ತದೆ. ಒಣಗಿದ ಯಂತ್ರಕ್ಕೆ ಎರಡು ವರ್ಷದ ನಂತರ ಕೀ ಕೊಟ್ಟರೆ ಸವೆತ ಶುರು. ಬೇಡಿಕೆ ಹೆಚ್ಚಿದಂತೆ ಕಲಬೆರಕೆಯೂ ಹೆಚ್ಚಿದೆ. ಹಳೆಯ ಯಂತ್ರಕ್ಕೆ ಹೊಸದಾಗಿ ಬಣ್ಣ ಬಳಿದ ಡಯಲ್, ಬೇರೆ ಮಾದರಿಯ ಮುಳ್ಳು, ಇನ್ನೊಂದರ ಕೇಸು ಸೇರಿಸಿ ಮಾರುತ್ತಾರೆ. ಕಾರ್ಖಾನೆಯವರೇ ಕಂಡಿರದ ಬಣ್ಣಗಳ ಪೈಲಟ್‌ಗಳು ಸಿಗುತ್ತವೆ. ನಲವತ್ತು ವರ್ಷದ ಗಡಿಯಾರದ ಡಯಲ್ ನಿನ್ನೆ ಬಳಿದಂತೆ ಹೊಳೆಯುತ್ತಿದ್ದರೆ ಅನುಮಾನಿಸಿ. ನನ್ನ ರೂಮ್‌ಮೇಟ್ ತರಿಸಿಕೊಂಡ ಕೆಂಪು ಪೈಲಟ್ ನೋಡಿ ಆ ಹಿರಿಯರು ನಕ್ಕರು, ಅಷ್ಟೇ. ಅವನು ಕೊಟ್ಟ ದುಡ್ಡಿನಲ್ಲಿ ಮನೆಯ ಗಡಿಯಾರವನ್ನು ಅವರ ಹತ್ತಿರ ಹಲವು ಸಲ ಸರ್ವಿಸ್ ಮಾಡಿಸಬಹುದಿತ್ತು. ಡಯಲ್ಲಿಗೆ ಸಾವಿರಗಟ್ಟಲೆ ಕೊಡುವ ನಾವು ರಿಪೇರಿಗೆ ಇನ್ನೂರು ರೂಪಾಯಿ ಎಂದರೆ ಚೌಕಾಸಿ ಮಾಡುತ್ತೇವೆ.

ಅವರಿಗೆ ಶಿಷ್ಯರಿಲ್ಲ. ಮಗ ನರಸಾಪುರಕ್ಕೆ ಕಂಪನಿ ಬಸ್ಸಿನಲ್ಲಿ ಹೋಗುತ್ತಾನೆ. ಸಂಬಳ, ಪಿಎಫ್, ಊಟ ಎಲ್ಲ ಇರುವಾಗ ಗೂಡಂಗಡಿಯಲ್ಲಿ ಕೂರು ಎಂದು ಯಾರು ಹೇಳುತ್ತಾರೆ? ನಾನೂ ಹೇಳುವುದಿಲ್ಲ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಮನೆಗಳು ಆ ಕೈಗಾರಿಕಾ ಪ್ರದೇಶದಿಂದ ಉಸಿರಾಡುತ್ತಿವೆ. ನಾಳೆ ನನ್ನ ರೆಸ್ಯೂಮೆಯೂ ಅಲ್ಲಿಗೇ ಹೋಗುತ್ತದೆ. ಆದರೆ ಅದೇ ನರಸಾಪುರದಲ್ಲಿ ಜೋಡಣೆಯಾಗುವ ಐಫೋನಿನ ತಳದಲ್ಲಿ ಐದು ದಳದ ಸ್ಕ್ರೂಗಳಿವೆ. ಮನೆಯ ಸ್ಕ್ರೂಡ್ರೈವರ್ ಅದಕ್ಕೆ ಕೂರುವುದಿಲ್ಲ. ನಮ್ಮ ಜಿಲ್ಲೆಯಲ್ಲೇ ಜೋಡಿಸಿದ್ದನ್ನು ನಮ್ಮ ಜಿಲ್ಲೆಯ ಹುಡುಗ ಬಿಚ್ಚಿ ನೋಡಲು ಸುಲಭವಿಲ್ಲ. ದುರಸ್ತಿಯ ಹಕ್ಕಿನ ಬಗ್ಗೆ ಕೇಂದ್ರ ಸರ್ಕಾರ 2022ರಲ್ಲಿ ಪೋರ್ಟಲ್ ಶುರು ಮಾಡಿದೆ, ಒಳ್ಳೆಯದೇ. ಆದರೆ ಹಕ್ಕು ಸಿಕ್ಕಿದ ದಿನ ಬಿಚ್ಚುವ ಕೈ ಬೇಕಲ್ಲ? ಸಂದರ್ಶನದಲ್ಲಿ ‘ಏನಾದರೂ ಬಿಚ್ಚಿ ಜೋಡಿಸಿದ್ದೀಯಾ’ ಎಂದು ಕೇಳಿದರೆ ನಮ್ಮಲ್ಲಿ ಎಷ್ಟು ಜನ ಹೌದು ಎನ್ನುತ್ತೇವೆ? ಕ್ಯಾಡ್‌ನಲ್ಲಿ ಬಿಡಿಸಿದ್ದು ಲೆಕ್ಕಕ್ಕಿಲ್ಲ.

ಮನೆಯಲ್ಲಿ ಹಳೆಯ ಎಚ್‌ಎಂಟಿ ಇದ್ದರೆ ತಕ್ಷಣ ಕೀ ಕೊಡಬೇಡಿ. ಮೊದಲು ಸರ್ವಿಸ್ ಮಾಡಿಸಿ. ಮಾಡುವಾಗ ಪಕ್ಕದಲ್ಲಿ ಕೂತು ನೋಡಲು ಬಿಡುತ್ತೀರಾ ಎಂದು ಕೇಳಿ. ನನ್ನ ಅನುಭವದಲ್ಲಿ ಇಲ್ಲ ಎನ್ನುವವರು ಕಡಿಮೆ, ಕೇಳುವವರೇ ಇಲ್ಲ. ಡಯಲ್ಲಿಗೆ ಬಣ್ಣ ಬಳಿಸಬೇಡಿ, ಕಲೆ ಇದ್ದರೆ ಇರಲಿ. ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಕೀ ಕೊಡಿ, ಬಿಗಿ ಬಂದಾಗ ನಿಲ್ಲಿಸಿ. ನೀರು ತಾಗಿಸಬೇಡಿ. ಲ್ಯಾಬಿಗೂ ಕಟ್ಟಿಕೊಂಡು ಬನ್ನಿ, ವೆಲ್ಡಿಂಗ್ ದಿನವೊಂದು ಬಿಟ್ಟು, ಯಾಕೆಂದರೆ ಅಯಸ್ಕಾಂತ ಅದರ ಕೂದಲೆಳೆಯ ಸ್ಪ್ರಿಂಗಿಗೆ ಶತ್ರು. ಪೂರ್ತಿ ಕೆಟ್ಟು ನಿಂತದ್ದಿದ್ದರೆ ಗುಜರಿಗೆ ಹಾಕಬೇಡಿ, ರಿಪೇರಿಯವರಿಗೆ ಕೊಡಿ. ಹೊಸ ಬಿಡಿಭಾಗ ಸಿಗುವುದು ಕಷ್ಟವಾಗಿರುವಾಗ ಸತ್ತ ಜನತಾದ ಒಂದು ಬ್ಯಾಲೆನ್ಸ್ ಚಕ್ರ ಇನ್ನೊಂದನ್ನು ಎಬ್ಬಿಸುತ್ತದೆ. ಮುಳಬಾಗಿಲಿನ ಹಿರಿಯರ ಹತ್ತಿರ ಅಂಥವನ್ನು ಇಡಲು ಹಳೆಯ ಬಿಸ್ಕತ್ತಿನ ಡಬ್ಬವೊಂದಿದೆ, ಇನ್ನೂ ಅರ್ಧ ಖಾಲಿ. ಭಾನುವಾರ ಅಂಗಡಿ ಇರುವುದಿಲ್ಲ.